ಬೇರಿನೊಳಗಿನ ಪೋಸ್ಟು, ಅದರ ಸುತ್ತಲಿನ ಸಿಮೆಂಟು

ರೂಟ್ ಕೆನಾಲ್ ಎಂಬ ಬೇರು ಚಿಕಿತ್ಸೆ ಮುಗಿದು ನೋವು ಅಡಗಿದ ಮೇಲೆ ದಂತವೈದ್ಯರು ಹಲವರಿಗೆ ಇನ್ನೊಂದು ಮಾತು ಹೇಳುತ್ತಾರೆ: ಹಲ್ಲು ಮೇಲ್ಗಡೆ ಹೆಚ್ಚು ಉಳಿದಿಲ್ಲ, ಬೇರಿನೊಳಗೆ ಒಂದು ಪೋಸ್ಟು ಕೂರಿಸಿ ಅದರ ಮೇಲೆ ಕ್ಯಾಪ್ ಹಾಕಬೇಕು. ಪೋಸ್ಟು ಎಂದರೆ ಒಂದು ಗಿಡ್ಡ ಕಡ್ಡಿ. ಲೋಹದ್ದಿರಬಹುದು, ಗಾಜಿನ ನಾರಿನದಿರಬಹುದು. ಈ ಮಾತು ಕೇಳಿದೊಡನೆ ನಮ್ಮ ಕಣ್ಣ ಮುಂದೆ ಬರುವುದು ಆರ್‌ಸಿಸಿ ಕಂಬದೊಳಗಿನ ಕಬ್ಬಿಣದ ಸರಳು. ಸರಳಿದ್ದರೆ ಕಂಬ ಗಟ್ಟಿ, ಪೋಸ್ಟಿದ್ದರೆ ಹಲ್ಲು ಗಟ್ಟಿ ಎಂದು ನಂಬಿಬಿಡುತ್ತೇವೆ. ಆದರೆ ಕಂಬದಲ್ಲಿ ಸರಳು ಮೊದಲು ನಿಲ್ಲುತ್ತದೆ, ಕಾಂಕ್ರೀಟು ಆಮೇಲೆ ಸುತ್ತ ಬೀಳುತ್ತದೆ. ಹಲ್ಲಿನಲ್ಲಿ ನಡೆಯುವುದು ಇದರ ತಿರುವುಮುರುವು. ಆಗಲೇ ನಿಂತಿರುವ ಬೇರನ್ನು ಒಳಗಿನಿಂದ ಕೊರೆದು, ಆ ತೂತಿನಲ್ಲಿ ಕಡ್ಡಿ ಇಟ್ಟು, ಉಳಿದ ಸಂದಿಗೆ ಸಿಮೆಂಟು ತುಂಬುತ್ತಾರೆ. ಕೊರೆದಷ್ಟೂ ಬೇರಿನ ಗೋಡೆ ತೆಳುವಾಗುತ್ತದೆ. ಪೋಸ್ಟು ಬೇರಿನ ನಾಳಕ್ಕೆ ಎಷ್ಟು ಹೊಂದಿಕೊಂಡಿದೆ, ಅದನ್ನು ಹಿಡಿದಿರುವ ಸಿಮೆಂಟು ಯಾವುದು ಎಂಬ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳುವುದು ರೂಢಿ. ನನ್ನ ವಾದವೆಂದರೆ, ಅವು ಒಂದೇ ಪ್ರಶ್ನೆ. ಹೊಂದಿಕೆಯಲ್ಲಿ ಬಿಟ್ಟುಹೋದದ್ದನ್ನು ಸಿಮೆಂಟು ತುಂಬಿಕೊಡಲಾರದು. ಎರಡೂ ಸರಿಯಿದ್ದರೂ, ಒಸಡಿನ ಮೇಲೆ ಹಲ್ಲಿನ ಸ್ವಂತ ಗೋಡೆ ಉಳಿದಿರದಿದ್ದರೆ ಕೆಲಸ ಬಹುಕಾಲ ನಿಲ್ಲುವುದಿಲ್ಲ.

ಮೊದಲು ಒಂದು ಹಳೆಯ ನಂಬಿಕೆಯನ್ನು ಬದಿಗಿಡಬೇಕು. ನರ ತೆಗೆದ ಹಲ್ಲು ರಸ ಬತ್ತಿ ಒಣಗುತ್ತದೆ, ಅದರಿಂದಲೇ ಪೆಡಸಾಗಿ ಮುರಿಯುತ್ತದೆ ಎಂದು ದಂತವೈದ್ಯರೇ ಬಹಳ ಕಾಲ ಹೇಳುತ್ತಿದ್ದರು. 1992ರಲ್ಲಿ ಸೆಜ್ಲಿ ಮತ್ತು ಮೆಸ್ಸರ್ ಇದನ್ನು ಪರೀಕ್ಷಿಸಿದರು. ಒಬ್ಬರದೇ ಬಾಯಿಯ ಎಡಬಲದ ಜೋಡಿ ಹಲ್ಲುಗಳಲ್ಲಿ ಒಂದಕ್ಕೆ ಬೇರು ಚಿಕಿತ್ಸೆ ಆಗಿತ್ತು, ಇನ್ನೊಂದಕ್ಕೆ ಆಗಿರಲಿಲ್ಲ; ಅಂಥ 23 ಜೋಡಿಗಳನ್ನು ಹೋಲಿಸಿದಾಗ ಹಲ್ಲಿನ ಒಳಪದರವಾದ ಡೆಂಟಿನ್ನಿನ ಗಟ್ಟಿತನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಈ ಹಲ್ಲುಗಳು ಮುರಿಯುವುದೇಕೆ? ಉತ್ತರ 1989ರಷ್ಟು ಹಿಂದೆಯೇ ಸಿಕ್ಕಿತ್ತು. ರೀ ಮತ್ತು ಸಂಗಡಿಗರು ಕಿತ್ತ ಮುಂದವಡೆ ಹಲ್ಲುಗಳನ್ನು ಹಂತಹಂತವಾಗಿ ಕೊರೆಯುತ್ತ, ಪ್ರತಿ ಹಂತದಲ್ಲೂ ಹಲ್ಲಿನ ಬಿಗಿತ ಎಷ್ಟು ಕುಂದಿತು ಎಂದು ಅಳೆದರು. ಬೇರು ಚಿಕಿತ್ಸೆಯಿಂದ ಕಳೆದುಹೋದದ್ದು ಶೇಕಡಾ 5 ಮಾತ್ರ. ಅಗಿಯುವ ಮೇಲ್ಮೈಯಲ್ಲಿ ಒಂದು ಕುಳಿ ತೆಗೆದರೆ ಶೇಕಡಾ 20. ಅದೇ ಕುಳಿ ಹಿಂದುಮುಂದಿನ ಎರಡೂ ಅಂಚುಗಳನ್ನು ಕಡಿದು ಹಾಯ್ದುಹೋದರೆ ಶೇಕಡಾ 63. ಹಲ್ಲನ್ನು ದುರ್ಬಲಗೊಳಿಸುವುದು ನರ ಇಲ್ಲದಿರುವುದಲ್ಲ. ಹುಳುಕು ತಿಂದು, ಆಮೇಲೆ ಬೈರಿಗೆ ಕೊರೆದು, ಗೋಡೆಗಳೇ ಇಲ್ಲವಾಗುವುದು.

ಗೋಡೆ ಕಳೆದುಕೊಂಡ ಹಲ್ಲಿಗೆ ಪೋಸ್ಟು ಬಲ ತುಂಬುತ್ತದೆಯೇ? ಸೊರೆನ್ಸನ್ ಮತ್ತು ಮಾರ್ಟಿನಾಫ್ 1984ರಲ್ಲಿ ಬೇರು ಚಿಕಿತ್ಸೆಯಾದ 1273 ಹಲ್ಲುಗಳ ದಾಖಲೆ ನೋಡಿದಾಗ, ಪೋಸ್ಟು ಇದ್ದ ಹಲ್ಲುಗಳು ಇಲ್ಲದವಕ್ಕಿಂತ ಹೆಚ್ಚು ಬಾಳಿರಲಿಲ್ಲ. ಹಿಂಬದಿಯ ಹಲ್ಲುಗಳಲ್ಲಿ ನಿಜವಾಗಿ ಉಪಕಾರ ಮಾಡಿದ್ದು ಮೇಲಿನ ಕ್ಯಾಪ್. ಕ್ಯಾಪ್ ಹಾಕಿಸದ ಹಲ್ಲುಗಳು ಹಾಕಿಸಿದವಕ್ಕಿಂತ ಆರು ಪಟ್ಟು ವೇಗದಲ್ಲಿ ಕಳೆದುಹೋಗುತ್ತವೆ ಎಂದು 2002ರಲ್ಲಿ ಅಕ್ವಿಲಿನೊ ಮತ್ತು ಕ್ಯಾಪ್ಲನ್ ತೋರಿಸಿದರು. ಪೋಸ್ಟಿನ ಕೆಲಸ ಒಂದೇ: ಕ್ಯಾಪಿನೊಳಗೆ ಕೂರುವ ಕೋರ್ ಎಂಬ ಗಡ್ಡೆಗೆ ಹಿಡಿತ ಕೊಡುವುದು. ಆ ಹಿಡಿತ ಬೇರೆಡೆ ಸಿಗುವುದಾದರೆ ಪೋಸ್ಟೇ ಬೇಡ. ದೊಡ್ಡ ದವಡೆ ಹಲ್ಲಿನಲ್ಲಿ ನರ ಇದ್ದ ಕೋಣೆ ವಿಶಾಲವಾಗಿರುತ್ತದೆ, ಅದರಲ್ಲೇ ಕೋರನ್ನು ಕೂರಿಸಬಹುದು. ಅಲ್ಲಿ ಪೋಸ್ಟಿನ ಅಗತ್ಯ ಬೀಳುವುದು ಅಪರೂಪ. ಪ್ರಶ್ನೆ ಏಳುವುದು ಬಾಚಿಹಲ್ಲು ಮತ್ತು ಮುಂದವಡೆ ಹಲ್ಲುಗಳಲ್ಲಿ. ಅಲ್ಲಿ ಕೋಣೆ ಕಿರಿದು, ಬೀಳುವ ಒತ್ತಡವೂ ನೇರವಾಗಿ ಕೆಳಕ್ಕಲ್ಲ, ಓರೆಯಾಗಿ.

ಹಿಡಿತಕ್ಕಾಗಿ ಬೇರಿನೊಳಗೆ ಕಡ್ಡಿ ತೂರಿಸುವುದು ಇಂದಿನ ವಿದ್ಯೆಯಲ್ಲ. ಫ್ರಾನ್ಸಿನ ಪಿಯರ್ ಫೋಶಾರ್ 1728ರ ತನ್ನ ಗ್ರಂಥದಲ್ಲಿ ಲೋಹದ ಕಡ್ಡಿಯ ಮೇಲೆ ಹಲ್ಲು ನಿಲ್ಲಿಸುವ ಬಗೆಯನ್ನು ವಿವರಿಸಿದ್ದಾನೆ. ಮುಂದಿನ ತಲೆಮಾರುಗಳು ಮರದ ಗೂಟವನ್ನೂ ಬಳಸಿದವು. ಒಣಗಿದ ಗೂಟವನ್ನು ನಾಳದಲ್ಲಿ ಸಡಿಲವಾಗಿ ಇಟ್ಟರೆ ಸಾಕು, ಬಾಯಿಯ ತೇವ ಹೀರಿ ಅದು ಉಬ್ಬಿ ಬಿಗಿಯಾಗುತ್ತಿತ್ತು. ಯಾವ ಅಂಟೂ ಬೇಕಿರಲಿಲ್ಲ. ಹಿಡಿತದ ಲೆಕ್ಕದಲ್ಲಿ ಜಾಣ ಉಪಾಯ. ಆದರೆ ಉಬ್ಬಿದ ಮರ ಎಷ್ಟೋ ಬೇರುಗಳನ್ನು ಉದ್ದುದ್ದಕ್ಕೆ ಸೀಳಿಹಾಕಿತು. ಬಿಗಿಯಾಗಿ ಒತ್ತುವುದೇ ಬೇರೆ, ಹೊಂದಿ ಕೂರುವುದೇ ಬೇರೆ. ಎರಡು ಶತಮಾನ ಕಳೆದ ಮೇಲೂ ಇದೇ ತಪ್ಪು ಬೇರೆ ವೇಷದಲ್ಲಿ ಬಂತು. ಸ್ಟ್ಯಾಂಡ್ಲೀ, ಕಪುಟೊ ಮತ್ತಿತರರು 1970ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಕಿತ್ತು ತೆಗೆಯಲು ಎಲ್ಲಕ್ಕಿಂತ ಹೆಚ್ಚು ಬಲ ಬೇಕಾದದ್ದು ತಿರುಪಿನಂತೆ ಡೆಂಟಿನ್ನಿಗೆ ಕಚ್ಚಿಕೊಳ್ಳುವ ಪೋಸ್ಟುಗಳಿಗೆ. ಬೇರಿನಲ್ಲಿ ಹೆಚ್ಚು ಒತ್ತಡ ಹುಟ್ಟಿಸಿದವೂ ಅವೇ. ತುದಿಗೆ ಹೋದಂತೆ ಸಪೂರವಾಗುವ ಪೋಸ್ಟು ಬೇರಿನ ಆಕಾರವನ್ನು ಅನುಸರಿಸುತ್ತದೆ, ಕೊರೆತ ಕಡಿಮೆ ಬೇಡುತ್ತದೆ. ಆದರೆ ಪ್ರತಿ ಸಲ ಕಚ್ಚಿದಾಗಲೂ ಬೆಣೆಯ ಹಾಗೆ ಒಳಕ್ಕೆ ಒತ್ತುತ್ತದೆ. ಉದ್ದಕ್ಕೂ ಒಂದೇ ದಪ್ಪದ ಪೋಸ್ಟು ಬೆಣೆಯಾಗದೆ ಚೆನ್ನಾಗಿ ಹಿಡಿಯುತ್ತದೆ. ಆದರೆ ಬೇರು ತುದಿಯಲ್ಲಿ ಕಿರಿದಾಗುವುದರಿಂದ, ಅದಕ್ಕಾಗಿ ಅತ್ಯಂತ ತೆಳುವಾದ ಜಾಗದಲ್ಲೇ ಗೋಡೆಯನ್ನು ಕೊರೆಯಬೇಕಾಗುತ್ತದೆ. ತೊಂದರೆಯಿಲ್ಲದ ಆಕಾರ ಯಾವುದೂ ಇಲ್ಲ.

ಇದಕ್ಕಿಂತ ದೊಡ್ಡ ತೊಡಕೆಂದರೆ, ಬೈರಿಗೆ ಕೊರೆಯುವ ತೂತು ದುಂಡಗಿರುತ್ತದೆ, ಅಂಗಡಿಯಿಂದ ಬರುವ ಪೋಸ್ಟೂ ದುಂಡಗಿರುತ್ತದೆ, ಆದರೆ ಬೇರಿನ ನಾಳ ಬಹಳ ಸಲ ದುಂಡಗಿರುವುದಿಲ್ಲ. ಕೆಳಗಿನ ಮುಂದವಡೆ ಹಲ್ಲನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ನಾಳ ಅಂಡಾಕಾರ: ಕೆನ್ನೆಯಿಂದ ನಾಲಿಗೆಯ ಕಡೆಗೆ ಉದ್ದ, ಅಕ್ಕಪಕ್ಕದ ಹಲ್ಲುಗಳ ಕಡೆಗೆ ಕಿರಿದು. ಕೆಳದವಡೆಯ ದೊಡ್ಡ ಹಲ್ಲಿನ ಹಿಂದಿನ ಬೇರೂ ಹೀಗೆಯೇ. ಅಂಥ ನಾಳದಲ್ಲಿ ದುಂಡು ಪೋಸ್ಟು ಎರಡು ಕಡೆ ಗೋಡೆಗೆ ತಾಗುತ್ತದೆ, ಉಳಿದ ಎರಡು ಕಡೆ ಅಗಲವಾದ ಸಂದು ಬಿಡುತ್ತದೆ. ಸಾಮಾನ್ಯವಾಗಿ ತೆಗೆಯುವ ಎಕ್ಸ್‌ರೇ ಕೆನ್ನೆಯ ಕಡೆಯಿಂದ ನೋಡುವುದರಿಂದ ಅದರಲ್ಲಿ ಕಾಣುವುದು ಕಿರಿದಾದ ಅಗಲ ಮಾತ್ರ. ಪೋಸ್ಟು ಸರಿಯಾಗಿ ಕೂತಂತೆಯೇ ತೋರುತ್ತದೆ. ಸಂದು ಇರುವುದು ಚಿತ್ರಕ್ಕೆ ಸಿಗದ ದಿಕ್ಕಿನಲ್ಲಿ. ಇಲ್ಲಿ ದಂತವೈದ್ಯರ ಮುಂದೆ ಮೂರು ದಾರಿಗಳಿರುತ್ತವೆ. ನಾಳ ಪೂರ್ತಿ ದುಂಡಾಗುವವರೆಗೆ ಕೊರೆಯಬಹುದು. ಆಗ ಪೋಸ್ಟು ಹೊಂದುತ್ತದೆ, ಆದರೆ ಮೊದಲೇ ತೆಳುವಾಗಿದ್ದ ಅಕ್ಕಪಕ್ಕದ ಗೋಡೆ ಇನ್ನೂ ತೆಳುವಾಗುತ್ತದೆ, ಕೆಲವೊಮ್ಮೆ ತೂತೇ ಬೀಳುತ್ತದೆ. ಕೊರೆಯದೆ ಸಂದನ್ನೆಲ್ಲ ಸಿಮೆಂಟಿನಿಂದ ತುಂಬಬಹುದು. ಇಲ್ಲವೇ ಪೋಸ್ಟನ್ನೇ ನಾಳದ ಆಕಾರಕ್ಕೆ ತರಬಹುದು: ಗಾಜಿನ ನಾರಿನ ಪೋಸ್ಟಿನ ಮೇಲೆ ಕಾಂಪೋಸಿಟ್ ಎಂಬ ಹಲ್ಲು ತುಂಬುವ ವಸ್ತು ಲೇಪಿಸಿ ನಾಳದೊಳಗೆ ಒತ್ತಿ ಅಚ್ಚು ತೆಗೆದು, ಹೊರಗೆ ಗಟ್ಟಿಮಾಡಿ, ಆಮೇಲೆ ಅಂಟಿಸುವುದು, ಅಥವಾ ನಾಳದ ಅಚ್ಚು ತೆಗೆದು ಲ್ಯಾಬಿನಲ್ಲಿ ಲೋಹದಲ್ಲಿ ಎರಕ ಹೊಯ್ಯುವುದು. ಮೊದಲ ದಾರಿಯನ್ನು ನಾನು ಒಪ್ಪುವುದಿಲ್ಲ. ಎರಡನೆಯದು ಸುಲಭವಾದ್ದರಿಂದ ಹೆಚ್ಚು ಚಾಲ್ತಿಯಲ್ಲಿದೆ. ಅದು ಎಷ್ಟು ಸರಿ ಎಂದು ನೋಡಬೇಕಾದರೆ ಸಿಮೆಂಟುಗಳ ಸ್ವಭಾವ ತಿಳಿಯಬೇಕು.

ಎಲ್ಲಕ್ಕಿಂತ ಹಳೆಯದು ಜಿಂಕ್ ಫಾಸ್ಫೇಟ್. ನೂರು ವರ್ಷಕ್ಕೂ ಮೇಲಿನ ಅನುಭವ ಅದರ ಬೆನ್ನಿಗಿದೆ. ಇದು ಹಲ್ಲಿಗೂ ಅಂಟುವುದಿಲ್ಲ, ಪೋಸ್ಟಿಗೂ ಅಂಟುವುದಿಲ್ಲ. ಎರಡರ ಮೈಮೇಲಿನ ಸಣ್ಣ ಒರಟುಗಳ ನಡುವೆ ಗಟ್ಟಿಯಾಗಿ ಸಿಕ್ಕಿಕೊಂಡು ಹಿಡಿಯುತ್ತದೆ, ಅಷ್ಟೆ. ಹಾಗೆ ಹಿಡಿಯಬೇಕಾದರೆ ಪದರ ತೆಳುವಾಗಿರಲೇಬೇಕು. ನೀರಿನ ಮೂಲದ ಇಂಥ ಸಿಮೆಂಟುಗಳ ಪದರ 25 ಮೈಕ್ರಾನ್ ಮೀರದಷ್ಟು ತೆಳ್ಳಗಾಗಬೇಕೆಂದು ಅಂತರರಾಷ್ಟ್ರೀಯ ಮಾನಕವೇ ಹೇಳುತ್ತದೆ. ಸಡಿಲ ಪೋಸ್ಟಿಗೆ ಇದನ್ನು ಬಳಸುವವರು ಮೊದಲ ದಿನವೇ ಸೋತಿರುತ್ತಾರೆ, ಆದ್ದರಿಂದ ಇದು ಪ್ರಾಮಾಣಿಕ ಸಿಮೆಂಟು: ಹೊಂದಿಕೆಯ ದೋಷವನ್ನು ಮುಚ್ಚಿಡುವುದಿಲ್ಲ. ಎರಡನೆಯದು ಗ್ಲಾಸ್ ಅಯಾನೊಮರ್. ಲಂಡನ್ನಿನ ಸರ್ಕಾರಿ ರಸಾಯನಶಾಲೆಯಲ್ಲಿ ವಿಲ್ಸನ್ ಮತ್ತು ಕೆಂಟ್ ರೂಪಿಸಿ 1972ರಲ್ಲಿ ಪ್ರಕಟಿಸಿದ್ದು. ಇದು ಹಲ್ಲಿನ ಕ್ಯಾಲ್ಸಿಯಮ್ಮಿನೊಂದಿಗೆ ರಾಸಾಯನಿಕವಾಗಿಯೇ ಕೂಡಿಕೊಳ್ಳುತ್ತದೆ, ಡೆಂಟಿನ್ನಿನ ತೇವ ಅದಕ್ಕೆ ಅಡ್ಡಿಯಲ್ಲ. ಆದರೆ ಪೂರ್ತಿ ಬಲ ಬರಲು ದಿನಗಳೇ ಬೇಕು. ಬೆಳಿಗ್ಗೆ ಪೋಸ್ಟು ಕೂರಿಸಿ ಅರ್ಧ ಗಂಟೆಯಲ್ಲಿ ಅದರ ಮೇಲಿನ ಕೋರನ್ನು ಬೈರಿಗೆಯಿಂದ ಕೆತ್ತಲು ಹೊರಟರೆ, ಆ ಕಂಪನದಲ್ಲಿ ಎಳೆಯ ಸಿಮೆಂಟು ಒಳಗೊಳಗೇ ಬಿರುಕು ಬಿಡಬಹುದು. ಆತುರದ ಕ್ಲಿನಿಕ್ಕಿಗೆ ಹೇಳಿಸಿದ್ದಲ್ಲ.

ಮೂರನೆಯದು ರೆಸಿನ್ ಸಿಮೆಂಟು. ಎನಾಮೆಲ್ಲನ್ನು ಆಮ್ಲದಿಂದ ಒರಟಾಗಿಸಿದರೆ ರೆಸಿನ್ ಅದಕ್ಕೆ ಹತ್ತುತ್ತದೆ ಎಂದು ಬ್ಯೂನೊಕೋರ್ 1955ರಲ್ಲಿ ತೋರಿಸಿದಲ್ಲಿಂದ ಹೊರಟ ವಿದ್ಯೆ, ನಡುವೆ ಡೆಂಟಿನ್ನಿಗೂ ಅಂಟುವುದನ್ನು ಕಲಿತು, ಕೊನೆಗೆ ಬೇರಿನೊಳಕ್ಕೂ ಇಳಿಯಿತು. ಇದರ ಜೊತೆಯಲ್ಲೇ ಒಂದು ಆಸೆಯೂ ಹುಟ್ಟಿತು: ಪೋಸ್ಟು, ಸಿಮೆಂಟು, ಬೇರು ಮೂರೂ ಅಂಟಿ ಒಂದೇ ಮೈಯಾಗುವುದಾದರೆ ಹೊಂದಿಕೆಯ ಚಿಂತೆ ಏಕೆ? ಸಂದು ದೊಡ್ಡದಿದ್ದರೆ ಸಿಮೆಂಟು ಸ್ವಲ್ಪ ಹೆಚ್ಚು, ಅಷ್ಟೇ ತಾನೆ? ನನ್ನ ವಾದಕ್ಕೆ ಬರುವ ಅತಿ ಗಟ್ಟಿಯಾದ ಆಕ್ಷೇಪ ಇದೇ. ಕೆಲವು ಪ್ರಯೋಗಶಾಲೆಗಳ ಫಲಿತಾಂಶ ಇದರ ಪರವಾಗಿಯೂ ಇದೆ. ಸಿಮೆಂಟಿನ ಪದರ ಸ್ವಲ್ಪ ದಪ್ಪವಾದರೂ ಪೋಸ್ಟನ್ನು ನೂಕಿ ಹೊರತರಲು ಬೇಕಾದ ಬಲ ಕುಗ್ಗಲಿಲ್ಲ ಎಂದು ಅವು ಹೇಳುತ್ತವೆ. ಅದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ರೆಸಿನ್ ಗಟ್ಟಿಯಾಗುವಾಗ ಕುಗ್ಗುತ್ತದೆ ಎಂಬುದನ್ನು ಮರೆಯುವಂತಿಲ್ಲ. ತೆರೆದ ಕುಳಿಯಲ್ಲಾದರೆ ಅಂಟದ ಮೇಲ್ಮೈ ಒಳಸರಿದು ಆ ಎಳೆತವನ್ನು ಸ್ವಲ್ಪ ಸಡಿಲಿಸುತ್ತದೆ. ನಾಳದಲ್ಲಿ ಸಿಮೆಂಟಿನ ಒಂದು ಬದಿಗೆ ಪೋಸ್ಟು, ಇನ್ನೊಂದು ಬದಿಗೆ ಬೇರು. ತೆರೆದಿರುವುದು ಬಾಯಿಯ ಕಡೆಯ ಸಣ್ಣ ಉಂಗುರದಷ್ಟೇ ಜಾಗ. ಅಂಟಿದ ಮೇಲ್ಮೈಗೂ ಅಂಟದ ಮೇಲ್ಮೈಗೂ ಇರುವ ಅನುಪಾತ ಸಾಮಾನ್ಯ ಕುಳಿಯಲ್ಲಿ ಒಂದರಿಂದ ಐದರವರೆಗೆ ಇದ್ದರೆ, ಬೇರಿನ ನಾಳದಲ್ಲಿ 200ನ್ನೂ ಮೀರಬಹುದು. ಬುಯಾಗೆ ಮತ್ತು ಸಂಗಡಿಗರು 2003ರಲ್ಲಿ ಒಂದೇ ಸಿಮೆಂಟನ್ನು ಚಪ್ಪಟೆಯಾಗಿ ತೆರೆದ ಬೇರಿಗೂ ಇಡಿಯಾದ ನಾಳದೊಳಕ್ಕೂ ಅಂಟಿಸಿ ನೋಡಿದರು. ನಾಳದೊಳಗೆ ಅಂಟು ಸ್ಪಷ್ಟವಾಗಿ ದುರ್ಬಲವಾಗಿತ್ತು. ಸಿಮೆಂಟು ಹೆಚ್ಚಿದಷ್ಟೂ ಕುಗ್ಗುವ ಸರಕು ಹೆಚ್ಚು, ಸಿಕ್ಕಿಕೊಳ್ಳುವ ಗಾಳಿಗುಳ್ಳೆಗಳೂ ಹೆಚ್ಚು.

ಇನ್ನೂ ಮುಂದೆ ಹೋದವರು ಗೊರಾಚ್ಚಿ ಮತ್ತು ಸಂಗಡಿಗರು. 2005ರಲ್ಲಿ ಅವರು ಕೇಳಿದ ಪ್ರಶ್ನೆ ಸರಳವಾಗಿತ್ತು: ಅಂಟಿಸಿದ ನಾರಿನ ಪೋಸ್ಟು ಜಾರದೆ ನಿಲ್ಲುವುದು ನಿಜಕ್ಕೂ ಅಂಟಿನಿಂದಲೋ, ಅಥವಾ ಬರಿಯ ಉಜ್ಜಾಟದಿಂದಲೋ? ಅಂಟುದ್ರವ ಹಚ್ಚಿದಾಗಲೂ ಹಚ್ಚದಿದ್ದಾಗಲೂ ಫಲಿತಾಂಶ ಹೆಚ್ಚು ಬದಲಾಗಲಿಲ್ಲ. ನಾವು ಅಂಟಿನ ಖಾತೆಗೆ ಬರೆದಿದ್ದ ಹಿಡಿತದ ದೊಡ್ಡ ಪಾಲು ಘರ್ಷಣೆಯದಾಗಿತ್ತು. ಘರ್ಷಣೆ ಹುಟ್ಟುವುದು ಮೈಗೆ ಮೈ ತಾಗುವಲ್ಲಿ, ಅಂದರೆ ಹೊಂದಿಕೆಯಲ್ಲಿ. ಅಂಟಿಸುವ ಸಿಮೆಂಟು ಬಂದ ಮೇಲೂ ಹೊಂದಿಕೆಗೆ ನಿವೃತ್ತಿ ಸಿಕ್ಕಿಲ್ಲ ಎನ್ನಲು ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ. ಬಾಯಿಯಲ್ಲಿ ನಾರಿನ ಪೋಸ್ಟುಗಳು ಸೋಲುವಾಗ ಹೆಚ್ಚಾಗಿ ಕಾಣುವುದೂ ಮುರಿತವಲ್ಲ, ಅಂಟು ಬಿಟ್ಟು ಸಡಿಲವಾಗುವುದು.

ಅಂಟಿಗೆ ಬೇರಿನ ನಾಳದಷ್ಟು ಪ್ರತಿಕೂಲವಾದ ಜಾಗ ಬಾಯಿಯಲ್ಲಿ ಮತ್ತೊಂದಿಲ್ಲ. ಬೇರು ಚಿಕಿತ್ಸೆಯಲ್ಲಿ ನಾಳ ತುಂಬಲು ಬಳಸಿದ ಗಟಾಪರ್ಚಾ ಮತ್ತು ಸೀಲರಿನ ಮೆತ್ತುಗೆ ಗೋಡೆಗೆ ಅಂಟಿರುತ್ತದೆ. ಸೀಲರಿನಲ್ಲಿ ಲವಂಗದೆಣ್ಣೆಯ ಸಾರವಾದ ಯೂಜಿನಾಲ್ ಇದ್ದರೆ ಅದು ರೆಸಿನ್ ಗಟ್ಟಿಯಾಗುವುದಕ್ಕೇ ಅಡ್ಡಿ. ನಾಳ ತೊಳೆಯಲು ಬಳಸುವ ಹೈಪೋಕ್ಲೋರೈಟು ಕ್ರಿಮಿಗಳನ್ನು ಕೊಲ್ಲುತ್ತದೆ, ಆದರೆ ಉಳಿಸಿಹೋಗುವ ಆಮ್ಲಜನಕ ಅಂಟನ್ನು ಕೆಡಿಸುತ್ತದೆ. ಬೆಳಕಿನಿಂದ ಗಟ್ಟಿಯಾಗುವ ಸಿಮೆಂಟಾದರೆ ಆಳಕ್ಕೆ ಬೆಳಕು ಮುಟ್ಟುವುದಿಲ್ಲ; ಅದಕ್ಕೇ ಬೆಳಕಿಲ್ಲದೆಯೂ ತಾನಾಗಿ ಗಟ್ಟಿಯಾಗುವ ಗುಣವೂ ಬೇಕು. ಆಮ್ಲ ಹಚ್ಚು, ತೊಳೆ, ಒರೆಸು, ಆದರೆ ಪೂರ್ತಿ ಒಣಗಿಸಬೇಡ, ಅಂಟುದ್ರವ ಹಚ್ಚು, ಹೆಚ್ಚಾದದ್ದನ್ನು ಹೀರು ಎಂಬ ಹಂತಗಳನ್ನೆಲ್ಲ ಹತ್ತು ಮಿಲಿಮೀಟರ್ ಆಳದ, ಕಣ್ಣಿಗೆ ಕಾಣದ ಕೊಳವೆಯಲ್ಲಿ ತಪ್ಪಿಲ್ಲದೆ ಮಾಡುವುದು ನುರಿತ ಕೈಗೂ ಕಷ್ಟ. ಈ ಹಂತಗಳನ್ನು ತೆಗೆದುಹಾಕಿ 2002ರಲ್ಲಿ ಬಂದ ಸ್ವಯಂ ಅಂಟುವ ರೆಸಿನ್ ಸಿಮೆಂಟು ಕಾಗದದ ಮೇಲೆ ಅಷ್ಟೇನೂ ಬಲಶಾಲಿಯಲ್ಲ. ಆದರೂ 2014ರಲ್ಲಿ ಪ್ರಕಟವಾದ, ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಮರ್ಶೆ ನಾರಿನ ಪೋಸ್ಟಿನ ಮಟ್ಟಿಗೆ ಇದರ ಕಡೆಗೇ ವಾಲಿತು. ಇದರಲ್ಲಿ ಆಶ್ಚರ್ಯವಿಲ್ಲ; ಹಂತ ಕಡಿಮೆಯಾದಲ್ಲಿ ತಪ್ಪೂ ಕಡಿಮೆ. ನಾಳವನ್ನು ಚೊಕ್ಕಟ ಮಾಡಿ, ಸಣ್ಣ ಮೂತಿಯಿಂದ ಸಿಮೆಂಟನ್ನು ತಳದಿಂದ ಮೇಲಕ್ಕೆ ತುಂಬುವುದು ಜಾಹೀರಾತಿನಲ್ಲಿ ಕಾಣುವ ಅಂಟುಬಲದ ಮೆಗಾಪ್ಯಾಸ್ಕಲ್ ಅಂಕಿಗಳಿಗಿಂತ ದೊಡ್ಡದು. ಆ ಅಂಕಿಗಳು ಹುಟ್ಟುವುದು ಕಿತ್ತ ಹಲ್ಲಿನಲ್ಲಿ, ಶಾಂತವಾದ ಮೇಜಿನ ಮೇಲೆ.

ಇಲ್ಲಿ ಇನ್ನೊಂದು ವಾದ ಕೇಳಿಬರುತ್ತದೆ. ಹೊಂದಿಕೆಯೇ ಮುಖ್ಯವಾದರೆ ಎರಕದ ಲೋಹದ ಪೋಸ್ಟೇ ಶ್ರೇಷ್ಠವಲ್ಲವೇ, ಅದು ನಾಳದ ಅಚ್ಚೇ ತಾನೇ ಎಂದು. ಹೊಂದಿಕೆಯಲ್ಲಿ ಅದಕ್ಕೆ ಸಾಟಿಯಿಲ್ಲ, ನಿಜ. ಆದರೆ ಉಕ್ಕಿನ ಬಿಗಿತ ಡೆಂಟಿನ್ನಿನ ಹತ್ತು ಪಟ್ಟು. ಗಾಜಿನ ನಾರಿನ ಪೋಸ್ಟಿನ ಬಿಗಿತ ಡೆಂಟಿನ್ನಿಗೆ ಎಷ್ಟೋ ಹತ್ತಿರ. ಬಾಗದ ಲೋಹ ಒತ್ತಡವನ್ನು ಬೇರಿನ ತುದಿಯ ಕಡೆಗೆ ರವಾನಿಸುತ್ತದೆ. ಪ್ರಯೋಗಶಾಲೆಯಲ್ಲಿ ಲೋಹದ ಪೋಸ್ಟು ಸೋಲುವಾಗ ಬೇರು ಸೀಳುತ್ತದೆ, ನಾರಿನದು ಸೋಲುವಾಗ ತಾನು ಕಳಚಿಕೊಳ್ಳುತ್ತದೆ. ಆದ್ದರಿಂದ ನಾರೇ ಸುರಕ್ಷಿತ ಎಂಬ ತೀರ್ಮಾನಕ್ಕೆ ಬಂದವರು ಬಹಳ. ಬಾಯಿಯಲ್ಲಿ ನಡೆದ ಪರೀಕ್ಷೆಗಳು ಇಷ್ಟು ಖಚಿತವಾಗಿ ಮಾತಾಡಿಲ್ಲ. ಜರ್ಮನಿಯ ಸಂಶೋಧಕರು ಟೈಟಾನಿಯಮ್ ಮತ್ತು ಗಾಜಿನ ನಾರಿನ ಪೋಸ್ಟುಗಳನ್ನು ಚೀಟಿ ಎತ್ತಿದಂತೆ ಹಂಚಿ, ಎರಡನ್ನೂ ಸ್ವಯಂ ಅಂಟುವ ಸಿಮೆಂಟಿನಲ್ಲೇ ಕೂರಿಸಿ, ಏಳು ವರ್ಷದ ಫಲಿತಾಂಶವನ್ನು 2012ರಲ್ಲಿ ಪ್ರಕಟಿಸಿದರು. ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆ ಹಲ್ಲುಗಳಿಗೆಲ್ಲ ಒಸಡಿನ ಮೇಲೆ 2 ಮಿಲಿಮೀಟರ್ ಗೋಡೆ ಉಳಿಸಿ, ಕ್ಯಾಪಿನ ಅಂಚು ಅದನ್ನು ಸುತ್ತುವಂತೆ ಮಾಡಿದ್ದರು ಎಂಬುದನ್ನು ಗಮನಿಸಬೇಕು. ಕಳಚಿಕೊಳ್ಳುವುದು ನಿರಪಾಯ ಎಂಬುದನ್ನೂ ನಾನು ಪೂರ್ತಿ ನಂಬುವುದಿಲ್ಲ. ಪೋಸ್ಟು ಸದ್ದಿಲ್ಲದೆ ಸಡಿಲವಾಗಿ, ಕ್ಯಾಪ್ ಮಾತ್ರ ಮೇಲೆ ನಿಂತಿದ್ದರೆ, ಅಡಿಯಲ್ಲಿ ಜೊಲ್ಲು ನುಗ್ಗಿ ಹುಳುಕು ಬೆಳೆಯುತ್ತಿರುತ್ತದೆ. ನೋವು ತಿಳಿಸಲು ಅಲ್ಲಿ ನರವೇ ಇಲ್ಲ.

ಈ 2 ಮಿಲಿಮೀಟರ್ ಗೋಡೆಯನ್ನು ಸುತ್ತುವ ಪಟ್ಟಿಗೆ ದಂತವೈದ್ಯರು ಫೆರೂಲ್ ಎನ್ನುತ್ತಾರೆ. 1 ಮಿಲಿಮೀಟರ್ ಗೋಡೆ ಉಳಿದಿದ್ದರೂ ಮುರಿತ ತಡೆಯುವ ಬಲ ಸುಮಾರು ಎರಡರಷ್ಟಾಗುತ್ತದೆ ಎಂದು ಸೊರೆನ್ಸನ್ ಮತ್ತು ಎಂಗಲ್ಮನ್ 1990ರಲ್ಲೇ ತೋರಿಸಿದ್ದರು. ಗೋಡೆ ಇದ್ದಾಗ ಓರೆ ಒತ್ತಡವನ್ನು ಕ್ಯಾಪ್ ಮತ್ತು ಹಲ್ಲು ನೇರವಾಗಿ ಹಂಚಿಕೊಳ್ಳುತ್ತವೆ, ಪೋಸ್ಟಿನ ಪಾಲಿಗೆ ಬರುವುದು ಅಲ್ಪ. ಗೋಡೆ ಇಲ್ಲದಾಗ ಪೋಸ್ಟು ಪ್ರತಿ ತುತ್ತಿಗೂ ಬಾಗುತ್ತದೆ, ಆ ಬಾಗುವಿಕೆಯನ್ನೆಲ್ಲ ಸಿಮೆಂಟಿನ ತೆಳುಪದರ ಹೊರಬೇಕು. ಯಾವ ಸಿಮೆಂಟೂ ವರ್ಷಗಟ್ಟಲೆ ಅದನ್ನು ಹೊರಲಾರದು. ಗೋಡೆ ಇರದಿದ್ದರೆ ಒಸಡು ಮತ್ತು ಮೂಳೆಯನ್ನು ಸ್ವಲ್ಪ ಕೆಳಗಿಳಿಸಿ ಗೋಡೆ ಹೊರಗೆಡಹಬಹುದು, ಅಥವಾ ಕ್ಲಿಪ್ ಹಾಕಿ ಬೇರನ್ನೇ ನಿಧಾನವಾಗಿ ಮೇಲಕ್ಕೆಳೆಯಬಹುದು. ಇದಕ್ಕೆಲ್ಲ ಖರ್ಚೂ ಸಮಯವೂ ಬೇಕು, ಹೆಚ್ಚು ದುಬಾರಿ ಸಿಮೆಂಟು ಬಳಸಿ ಮುಗಿಸಿದರಾಗದೇ ಎಂದು ಕೇಳುವವರಿಗೆ ಉತ್ತರ ಆಗದು ಎಂಬುದೇ. ಬೇರು ಗಿಡ್ಡವಾಗಿದ್ದು ಎರಡೂ ಸಾಧ್ಯವಿಲ್ಲದಿದ್ದರೆ ಆ ಹಲ್ಲನ್ನು ಕಿತ್ತು ಬೇರೆ ವ್ಯವಸ್ಥೆ ಮಾಡುವುದು ಹೆಚ್ಚು ಸರಿಯಾದ ಸಲಹೆ.

ಉದ್ದದ ವಿಷಯ ಬೇಗ ಹೇಳಿ ಮುಗಿಸಬಹುದು. ಪೋಸ್ಟು ಕಡೇ ಪಕ್ಷ ಕ್ಯಾಪಿನಷ್ಟು ಉದ್ದವಿರಲಿ, ಬೇರಿನ ತುದಿಯಲ್ಲಿ 4ರಿಂದ 5 ಮಿಲಿಮೀಟರ್ ಗಟಾಪರ್ಚಾ ಉಳಿಯಲಿ ಎಂಬುದು ಒಪ್ಪಿತ ನಿಯಮ. ಉಳಿಸುವುದು ಕ್ರಿಮಿಗಳು ಮೂಳೆಗೆ ಇಳಿಯದಂತೆ ತಡೆಯಲು. 1010 ಹಲ್ಲುಗಳ ಎಕ್ಸ್‌ರೇ ನೋಡಿದ ರೇ ಮತ್ತು ಟ್ರೋಪ್ 1995ರಲ್ಲಿ, ಬೇರಿನ ತುದಿಯ ಆರೋಗ್ಯಕ್ಕೆ ಮೇಲಿನ ಮುಚ್ಚಳ ಎಷ್ಟು ಭದ್ರವಾಗಿದೆ ಎಂಬುದು ಒಳಗಿನ ಚಿಕಿತ್ಸೆಗಿಂತಲೂ ಹೆಚ್ಚು ಲೆಕ್ಕಕ್ಕೆ ಬರುತ್ತದೆ ಎಂದರು. ನಂತರದವರು ಎರಡೂ ಸಮವಾಗಿ ಬೇಕು ಎಂದು ತಿದ್ದಿದರು. ಹೇಗಿದ್ದರೂ ಪೋಸ್ಟು ಕೂರಿಸುವಾಗಲೂ ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಎಂಬ ಹಾಳೆ ಕಟ್ಟಿ ಜೊಲ್ಲನ್ನು ದೂರವಿಡಬೇಕು. ನೋವು ಹೋಯಿತೆಂದು ಕ್ಯಾಪಿನ ಕೆಲಸವನ್ನು ತಿಂಗಳುಗಟ್ಟಲೆ ಮುಂದೂಡುವುದು ನಮ್ಮಲ್ಲಿ ಅಪರೂಪವಲ್ಲ. ಅಷ್ಟರಲ್ಲಿ ತಾತ್ಕಾಲಿಕ ಮುಚ್ಚಳ ಸವೆದು ಜೊಲ್ಲು ಒಳಗಿಳಿದಿರುತ್ತದೆ. ಆಮೇಲೆ ಬಂದು ಎಂಥ ಪೋಸ್ಟು, ಎಂಥ ಸಿಮೆಂಟು ಎಂದು ಚರ್ಚಿಸಿ ಫಲವಿಲ್ಲ.

ಕೊನೆಯದಾಗಿ, ಹೆಚ್ಚು ಜನ ಯೋಚಿಸದ ಒಂದು ಸಂಗತಿ. ಬೇರು ಚಿಕಿತ್ಸೆ ಕೆಲವೊಮ್ಮೆ ವರ್ಷಗಳ ನಂತರ ಮತ್ತೆ ಮಾಡಬೇಕಾಗುತ್ತದೆ, ಆಗ ಪೋಸ್ಟನ್ನು ಹೊರತೆಗೆಯಲೇಬೇಕು. ಜಿಂಕ್ ಫಾಸ್ಫೇಟಿನಲ್ಲಿ ಕೂತ ಲೋಹದ ಪೋಸ್ಟು ಅಲ್ಟ್ರಾಸಾನಿಕ್ ಕಂಪನಕ್ಕೆ ಸಾಮಾನ್ಯವಾಗಿ ಬಿಡುತ್ತದೆ, ಏಕೆಂದರೆ ಪೆಡಸಾದ ಸಿಮೆಂಟು ಪುಡಿಯಾಗುತ್ತದೆ. ರೆಸಿನ್ನಿನಲ್ಲಿ ಅಂಟಿಸಿದ ಲೋಹ ಹಾಗೆ ಬಿಡುವುದಿಲ್ಲ. ನೀರು ಹಾಯಿಸದೆ ಹೆಚ್ಚು ಹೊತ್ತು ಕಂಪಿಸಿದರೆ ಕಾವು ಬೇರಿನ ಹೊರಗಿನ ಮೂಳೆಯನ್ನೇ ಸುಡಬಹುದು. ಗಾಜಿನ ನಾರಿನ ಪೋಸ್ಟನ್ನು ನಾರಿನ ಜಾಡು ಹಿಡಿದು ಕೊರೆದು ತೆಗೆಯಬಹುದು, ಜಿರ್ಕೋನಿಯಾದ್ದನ್ನು ತೆಗೆಯುವುದು ಬಹುಮಟ್ಟಿಗೆ ಅಸಾಧ್ಯ. ಮುಂದಿನ ದಂತವೈದ್ಯರಿಗೆ ಎಕ್ಸ್‌ರೇಯಲ್ಲಿ ಪೋಸ್ಟು ಕಾಣುತ್ತದೆ, ನಾರಿನದಾದರೆ ಕೆಲವೊಮ್ಮೆ ಮಸುಕಾಗಿ; ಸುತ್ತಲಿರುವ ಸಿಮೆಂಟು ಯಾವುದೆಂದು ಮಾತ್ರ ಯಾವ ಚಿತ್ರವೂ ಹೇಳುವುದಿಲ್ಲ. ಪೋಸ್ಟು ಕೂರಿಸಿದ ದಿನವೇ ಅದರ ಬಗೆ, ಅಳತೆ, ಸಿಮೆಂಟಿನ ಹೆಸರು ಮೂರನ್ನೂ ಚೀಟಿಯಲ್ಲಿ ಬರೆಸಿಕೊಂಡು, ಎಕ್ಸ್‌ರೇ ಜೊತೆಗೆ ಇಟ್ಟುಕೊಳ್ಳಿ.